ಗೋಡೆಯಾಚೆಯ ಅರ್ಧ

ಡಿಸೆಂಬರ್ ಇಪ್ಪತ್ಮೂರರ ಸಂಜೆ ಇಗರ್ಜಿಯಲ್ಲಿ ಫಾದರ್ ನನ್ನ ಕೈಗೆ ಎರಡು ಹಾಳೆ ಕೊಟ್ಟರು. ಪ್ರತಿ ಕ್ರಿಸ್ಮಸ್ಸಿಗೂ ಕೊಡುತ್ತಾರೆ. ಒಂದರಲ್ಲಿ ಬದುಕಿರುವವರ ಹೆಸರು: ಕಾಯಿಲೆಯವರು, ಪರೀಕ್ಷೆಗೆ ಕೂತವರು, ಗಲ್ಫಿನಲ್ಲಿರುವವರು, ಸಮುದ್ರಕ್ಕೆ ಹೋಗುವವರು. ಇನ್ನೊಂದರಲ್ಲಿ ತೀರಿಹೋದವರ ಹೆಸರು. ಹಬ್ಬದ ದಿನ ಬೆಳಗಿನ ಕನ್ನಡ ಪೂಜೆಯಲ್ಲಿ ಎರಡನ್ನೂ ಓದುವುದು ನನ್ನ ಕೆಲಸ. ಹಾರವಾಡದ ಅಂಗನವಾಡಿಯಲ್ಲಿ ಹದಿನಾರು ವರ್ಷದಿಂದ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದೇನೆ. ಕ್ಲಾರಾ ಅಕ್ಕೋರು ಓದಿದರೆ ಹೆಸರು ತಪ್ಪುವುದಿಲ್ಲ ಎಂದು ಊರಿಗೆ ನಂಬಿಕೆ.

ಎರಡೂ ಹಾಳೆಯಲ್ಲಿ ನನ್ನ ಗಂಡನ ಹೆಸರಿತ್ತು.

ಬದುಕಿರುವವರ ಹಾಳೆಯಲ್ಲಿ ಇನಾಸನ ಹೆಸರು ಬರೆಸಿದವಳು ನಾನು. ತೀರಿಹೋದವರ ಹಾಳೆಯಲ್ಲಿ ಬರೆಸಿದವರು ಮಾಂಯ್, ಅಂದರೆ ನನ್ನ ಅತ್ತೆ, ಅವನನ್ನು ಹೆತ್ತವರು. ನನಗೆ ಹೇಳದೆ, ಮುದುಕಿ ಕೋಲೂರಿಕೊಂಡು ಹೋಗಿ ಬರೆಸಿ ಬಂದಿದ್ದರು. ಸಿಟ್ಟು ನೆತ್ತಿಗೇರಿತು.

"ಎರಡೂ ಕಡೆ ಓದೂದು ಸರಿ ಆಗೂದಿಲ್ಲ ಕ್ಲಾರಾ," ಎಂದರು ಫಾದರ್. "ಯಾವುದು ಇರಬೇಕು ಅಂತ ನಾನು ಹೇಳೂಕೂ ಆಗೂದಿಲ್ಲ. ಮನೇಲಿ ಮಾತಾಡಿ ಒಂದನ್ನ ಹೊಡೆದು ಹಾಕು."

"ಹೊಡೆದು ಹಾಕೂಕೆ ಇದೇನು ಕಿರಾಣಿ ಚೀಟಿನಾ ಫಾದರ್?" ಎಂದೆ. ಅವರು ಬಾಲಯೇಸುವಿನ ಗೋದಲಿಗೆ ಹುಲ್ಲು ಹಾಸುತ್ತಿದ್ದರು. ನನ್ನ ನಾಲಿಗೆ ಅಲ್ಲಿಗೇ ನಿಲ್ಲಲಿಲ್ಲ. "ದೇವರು ನಮ್ಮ ಜೊತೆ ಇರೂಕೆ ಬಂದ ದಿನ ಅಂತ ನಾಡಿದ್ದು ನೀವು ಹೇಳ್ತ್ರಿ. ಆಗಸ್ಟಿನಲ್ಲಿ ಎಲ್ಲಿ ಹೋಗಿದ್ದ ಅಂತ ಸ್ವಲ್ಪ ಕೇಳಿ ಹೇಳಿ."

ಫಾದರ್ ಇನ್ನೊಂದು ಹಿಡಿ ಹುಲ್ಲು ಹಾಸಿದರು. ಉತ್ತರ ಕೊಟ್ಟಿದ್ದರೆ ಇನ್ನೂ ಜಗಳ ಮಾಡುತ್ತಿದ್ದೆ. ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಂದೆ.

ಆಗಸ್ಟಿನ ಎರಡನೇ ವಾರ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಇಳಿದ ಹೊಸತರಲ್ಲಿ, ಇನಾಸ ಮತ್ತು ನಮ್ಮ ಪಕ್ಕದ ಮನೆಯ ಬಾಬು ಇಬ್ಬರೇ ಬೆಳಿಗ್ಗೆ ಬಲೆ ಬಿಡಲು ಹೋದರು. ಒಂಬತ್ತು ಗಂಟೆಯ ಸುಮಾರಿಗೆ ದೋಣಿ ಮಗುಚಿತು. ಮಧ್ಯಾಹ್ನ ಮೂರಕ್ಕೆ ಬೇರೆ ದೋಣಿಯವರಿಗೆ ಬಾಬು ಸಿಕ್ಕಿದ. ಇನಾಸ ಸಿಗಲಿಲ್ಲ. ನಾಲ್ಕು ದಿನ ಹುಡುಕಿದರು. ಆ ನಾಲ್ಕೂ ದಿನ ನಾನು ಬಸ್ಸು ಹಿಡಿದು ಕಾರವಾರಕ್ಕೆ ಹೋಗಿ, ಠಾಣೆಯ ಬೆಂಚಿನ ಮೇಲೆ ಸಂಜೆಯವರೆಗೆ ಕೂತು ಬಂದೆ. ಕೊನೆಗೆ ಕಾಣೆಯಾಗಿದ್ದಾನೆ ಎಂದು ಬರೆದುಕೊಂಡರು.

ಸತ್ತವರ ಮನೆಗೆ ಒಂದು ರೀತಿ ಇದೆ. ಬದುಕಿರುವವರ ಮನೆಗೆ ಇನ್ನೊಂದು. ಕಾಣೆಯಾದವರ ಮನೆಯಲ್ಲಿ ಹೇಗಿರಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ಮಾಂಯ್ ಸೆಪ್ಟೆಂಬರಿನಲ್ಲೇ ಕಪ್ಪು ಸೀರೆ ಉಟ್ಟರು. ನಾನು ಹಸಿರು ಬಳೆ ತೆಗೆಯಲಿಲ್ಲ. ಊಟಕ್ಕೆ ಮಾತ್ರ ಇಬ್ಬರೂ ಒಂದೇ ಕಡೆ ಕೂರುತ್ತಿದ್ದೆವು.

ಕ್ರಿಸ್ಮಸ್ ಹತ್ತಿರ ಬಂದ ಮೇಲೆ ಗೊಂದಲ ಇನ್ನೂ ಹೆಚ್ಚಾಯಿತು. ನಮ್ಮಲ್ಲಿ ಹಬ್ಬದ ಮುನ್ನಾದಿನ ನೆವ್ರಿ, ದೊದೊಲ್, ಚಕ್ಕುಲಿ ತುಂಬಿದ ತಾಟುಗಳು ಮನೆಯಿಂದ ಮನೆಗೆ ಓಡಾಡುತ್ತವೆ. ಬಂದ ತಾಟನ್ನು ಬರಿದು ಕಳಿಸುವಂತಿಲ್ಲ, ನಮ್ಮದೇನಾದರೂ ಹಾಕಿ ಕಳಿಸಬೇಕು. ಸಾವಾದ ಮನೆಯಲ್ಲಿ ಮಾತ್ರ ಆ ವರ್ಷ ಬಾಣಲೆ ಇಡುವುದಿಲ್ಲ, ಬಾಗಿಲಿಗೆ ನಕ್ಷತ್ರ ಕಟ್ಟುವುದಿಲ್ಲ. ನೆರೆಯವರೇ ತಿಂಡಿ ತಂದುಕೊಟ್ಟು ತಾಟನ್ನು ಬರಿದೇ ಒಯ್ಯುತ್ತಾರೆ. ನಾನು ಸ್ಟೂಲಿನ ಮೇಲೆ ಹತ್ತಿ ನಕ್ಷತ್ರ ಕಟ್ಟಿದೆ. ಮಾಂಯ್ ಬಾಣಲೆಯನ್ನು ತೊಳೆದು ಅಟ್ಟಕ್ಕೆ ಹಾಕಿಸಿದರು. ಮೇಲೆ ದೀಪ ಉರಿಯುವ ನಕ್ಷತ್ರ, ಒಳಗೆ ತಣ್ಣಗಿನ ಒಲೆ. ನೋಡಿದವರು ಇದು ಹುಚ್ಚರ ಮನೆ ಎಂದುಕೊಂಡರೆ ಅವರ ತಪ್ಪಲ್ಲ.

ಇನ್ನೊಂದು ವಿಷಯವನ್ನೂ ಹೇಳಬೇಕು. ನಮ್ಮ ಮನೆಯಲ್ಲಿ ದಿನಾ ಸಂಜೆ ತೇರ್ಸು, ಅಂದರೆ ಜಪಮಾಲೆ ನಡೆಯುತ್ತಿತ್ತು. ಒಂದೇ ಪ್ರಾರ್ಥನೆ, ಐವತ್ತು ಸಲ. ಪ್ರಾರ್ಥನೆಯ ಮೊದಲರ್ಧವನ್ನು ಒಬ್ಬರು ಹೇಳಿ ನಿಲ್ಲಿಸಬೇಕು, ಇನ್ನರ್ಧವನ್ನು ಉಳಿದವರು ಸೇರಿ ಹೇಳಬೇಕು. ಮೊದಲರ್ಧ ಹುಡುಗನಿದ್ದಾಗಿನಿಂದಲೂ ಇನಾಸನದು. ಅವನಿಗೆ ಅದರಲ್ಲಿ ಏನೂ ಭಕ್ತಿ ಇರಲಿಲ್ಲ, ನಾನು ಸುಳ್ಳು ಯಾಕೆ ಹೇಳಲಿ. ಆಕಳಿಸುತ್ತಾ, ಕಾಲು ಕೆರೆಯುತ್ತಾ, ಟಿವಿಯಲ್ಲಿ ಕ್ರಿಕೆಟ್ ಇದ್ದರೆ ಇಪ್ಪತ್ತು ಮಣಿಗಳನ್ನೇ ಹಾರಿಸಿ ಬಿಡುತ್ತಿದ್ದ. ನಾನು ಬೈಯುತ್ತಿದ್ದೆ. ಮಾಂಯ್ ಮಾತ್ರ ಒಂದೊಂದೇ ಮಣಿ ಎಣಿಸಿ, ಮಗ ಹಾರಿಸಿದ್ದನ್ನು ಆಮೇಲೆ ಒಬ್ಬರೇ ಕೂತು ಹೇಳಿ ಮುಗಿಸುತ್ತಿದ್ದರು. ಅವನು ಹೋದ ಮೇಲೆ ಎರಡು ಸಂಜೆ ನಾವಿಬ್ಬರೂ ಮಣೆ ಹಾಕಿಕೊಂಡು ಕೂತೆವು. ಮೊದಲರ್ಧ ಹೇಳಲಿ ಎಂದು ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಇಬ್ಬರ ಬಾಯಿಯೂ ತೆರೆಯಲಿಲ್ಲ. ಮೂರನೇ ಸಂಜೆಯಿಂದ ತೇರ್ಸು ನಿಂತಿತು.

ಬಾಬುವಿನ ಮೇಲೆ ನನಗಿದ್ದ ಸಿಟ್ಟು ಬೇರೆಯೇ. ನಮ್ಮ ಮನೆ, ಅವನ ಮನೆ ಜೋಡಿ ಮನೆ. ಇನಾಸನ ಅಪ್ಪ, ಬಾಬುವಿನ ಅಪ್ಪ ಒಂದೇ ದೋಣಿಯಲ್ಲಿ ದುಡಿದವರು, ಸೇರಿಯೇ ಕಟ್ಟಿಸಿದ್ದು. ನಡುವೆ ಒಂದೇ ಚಿರೆಕಲ್ಲಿನ ಗೋಡೆ, ಅದೂ ಮಾಡಿನವರೆಗೆ ಏರಿಲ್ಲ. ಅವರ ಮನೆಯ ಗಣಪತಿಯ ಆರತಿ ನಮಗೆ ಕೇಳುತ್ತದೆ, ನಮ್ಮ ಜಗಳ ಅವರಿಗೆ ಕೇಳುತ್ತದೆ. ಇಂಥವನು ಬದುಕಿ ಬಂದ. ಕಾರವಾರದ ಆಸ್ಪತ್ರೆಯಲ್ಲಿ ಮೂರು ದಿನ ಇದ್ದು, ಮನೆಗೆ ಬಾರದೆ ನೇರ ಹೆಂಡತಿ ನಾಗಿಯ ತವರು ಬೊಬ್ರುವಾಡಕ್ಕೆ ಹೋದ. ನಾಲ್ಕು ತಿಂಗಳಾದರೂ ಬಾಗಿಲಿಗೆ ಬೀಗ. ನನ್ನ ಗಂಡ ಕೊನೆಗೆ ಏನಾದ ಎಂದು ಒಂದು ಮಾತು ಹೇಳಲಿಲ್ಲ. ಫೋನ್ ಮಾಡಿದರೆ ನಾಗಿ ಎತ್ತಿ ಅಳುತ್ತಿದ್ದಳು, ಅಷ್ಟೇ.

ಇಪ್ಪತ್ನಾಲ್ಕರಂದು ನಾಲ್ಕು ಗಂಟೆಯ ಹೊತ್ತಿಗೆ ಆ ನಾಗಿಯೇ ಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಾಟು. ಕರ್ಜಿಕಾಯಿ, ಚಕ್ಕುಲಿ, ರವೆ ಉಂಡೆ. ಮೇಜಿನ ಮೇಲಿಟ್ಟು, ತಲೆ ಎತ್ತದೆ ಹೇಳಿದಳು:

"ತಾಟಿಗೆ ಏನೂ ಹಾಕೂದು ಬ್ಯಾಡ ಕ್ಲಾರಕ್ಕಾ. ಬರಿದೇ ಕೊಡಿ."

ಹದಿನೆಂಟು ವರ್ಷ ಪಕ್ಕದಲ್ಲಿದ್ದು ನಮ್ಮ ರೀತಿಗಳನ್ನೆಲ್ಲ ನಮಗಿಂತ ಚೆನ್ನಾಗಿ ಕಲಿತವಳು. ಅದೇ ನನಗೆ ಚುಚ್ಚಿತು.

"ಯಾರು ಸತ್ರು ಅಂತ ತಂದೆ ಇದನ್ನ?" ಎಂದೆ. "ಬಾಗಿಲಲ್ಲಿ ನಕ್ಷತ್ರ ಕಾಣ್ಲಿಲ್ವಾ ನಿಂಗೆ?"

"ಕಂಡ್ತು. ಒಲೆನೂ ಕಂಡ್ತು." ನಾಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಯಾವ್ದು ನೋಡಿ ನಡಿಬೇಕು ಅಂತ ನಂಗೆ ತಿಳೀಲಿಲ್ಲ. ತಪ್ಪಾಗಿದ್ರೆ ಬೈಯಿರಿ. ಆದ್ರೆ ಅವ್ರನ್ನ ಒಂದ್ಸಲ ಮಾತಾಡ್ಸಿ. ರಸ್ತೆ ಮೇಲೆ ರಿಕ್ಷಾದಲ್ಲೇ ಕೂತಿದ್ರು. ಒಳಗೆ ಬರೂಕೆ ಆಗೂದಿಲ್ಲ ಅಂತ್ರು."

ಒಳಗೆ ಬರಲು ಆಗುವುದಿಲ್ಲವಂತೆ, ಸಾಹೇಬರಿಗೆ. ನಾನು ಚಪ್ಪಲಿಯನ್ನೂ ಹಾಕದೆ ಹೊರಟೆ. ನಾಲ್ಕು ತಿಂಗಳಿಂದ ಅವನಿಗಾಗಿ ಕಟ್ಟಿಟ್ಟ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ರಿಕ್ಷಾದೊಳಗೆ ನೋಡಿದರೆ ಗುರುತೇ ಸಿಗಲಿಲ್ಲ. ದೋಣಿಯನ್ನು ಒಬ್ಬನೇ ಮರಳಿಗೆ ಎಳೆಯುತ್ತಿದ್ದ ಆಳು, ಅಂಗಿ ಮೈಮೇಲೆ ಜೋಲುತ್ತಿತ್ತು.

"ಇಳಿ," ಎಂದೆ.

ಇಳಿದ. ನಮ್ಮ ಜಗುಲಿಗೆ ಬಂದು, ಎರಡು ಮನೆಯ ನಡುವಿನ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ.

"ವೈನಿ, ನೀವು ಏನ್ ಕೇಳ್ತ್ರಿ ಅಂತ ನಂಗೆ ಗೊತ್ತುಂಟು," ಎಂದ. "ಅಂವ ಬದುಕಿದ್ನಾ ಇಲ್ವಾ ಅಂತ. ಅದು ನಂಗೆ ಗೊತ್ತಿಲ್ಲ. ಅದ್ಕೇ ನಾ ಬರ್ಲಿಲ್ಲ."

"ನಿಂಗೆ ಗೊತ್ತಿಲ್ದೆ ಮತ್ಯಾರಿಗೆ ಗೊತ್ತು? ಜೊತೆಗೆ ಇದ್ದವ ನೀನು."

"ಜೊತೆಗೆ ಇದ್ದೆ. ಕಾಣ್ತಿರ್ಲಿಲ್ಲ." ಅವನು ಅಂಗೈಯನ್ನು ಮಗುಚಿದ ದೋಣಿಯಂತೆ ಹಿಡಿದು ತೋರಿಸಿದ. "ದೋಣಿ ಹಿಂಗೆ ಬೋರಲು ಬಿದ್ದಿತ್ತು. ನಾ ಈಚೆ ಬದಿಗೆ ಹಗ್ಗ ಹಿಡ್ಕಂಡಿದ್ದೆ. ಅಂವ ಆಚೆ ಬದಿಗೆ. ನಡುವೆ ದೋಣಿ ಹೊಟ್ಟೆ. ಮಳೆ ಬೇರೆ. ದನಿ ಮಾತ್ರ ಕೇಳ್ತಿತ್ತು. ಈ ಗೋಡೆ ಇದ್ದಂಗೇ."

ನಾಗಿ ಬಾಗಿಲಲ್ಲಿ ನಿಂತಿದ್ದಳು. ಅವಳಿಗೂ ಇದು ಹೊಸತೇ ಇರಬೇಕು, ಕಣ್ಣು ಪಿಳುಕಿಸದೆ ಗಂಡನನ್ನು ನೋಡುತ್ತಿದ್ದಳು.

"ಮೊದ್ಲು ಕೂಗಿದ್ವಿ, ಇಬ್ರೂ. ಯಾರೂ ಬರ್ಲಿಲ್ಲ. ಗಂಟಲು ಹೋಯ್ತು. ಆಮೇಲೆ ಅಂವ ನಿಮ್ಮ ತೇರ್ಸು ಸುರು ಮಾಡ್ದ. ಮೊದಲರ್ಧ ಹೇಳಿ ನಿಲ್ಲಿಸ್ತಿದ್ದ. ಮತ್ತೆ ಅದೇ ಅರ್ಧ, ಮತ್ತೆ ನಿಲ್ಲಿಸೂದು. ಮುಂದಿಂದು ಅವನ ಬಾಯಿಗೆ ಬರೂದೇ ಇಲ್ಲ. ಹೇಳಿ ರೂಢಿನೇ ಇಲ್ವಲ್ಲ ಅವನಿಗೆ."

ಹೌದು, ಇನಾಸ ಒಂದು ದಿನವೂ ಇನ್ನರ್ಧ ಹೇಳಿದವನಲ್ಲ.

"ನಂಗೆ ಬರ್ತಿತ್ತು," ಎಂದ ಬಾಬು. "ಸಣ್ಣಿರುವಾಗಿಂದ ದಿನಾ ಸಂಜೆ ಗೋಡೆ ಆಚೆಯಿಂದ ಕೇಳಿದ್ದು ಅದೇ ಅಲ್ವಾ. ಅವನದು ಒಬ್ಬಂದೇ ದನಿ, ಗೊಣಗೂದು, ಸರಿ ಕೇಳ್ತಿರ್ಲಿಲ್ಲ. ನೀವೆಲ್ಲ ಸೇರಿ ಹೇಳೂದು ಜೋರು. ಸಾಂತಾ ಮರಿಯೆ ಅಂತ ಸುರು ಆಗ್ತದ್ಯಲ್ಲ, ಅದು. ನಾ ಹೇಳ್ದೆ. ಅಂವ ಒಂದು ಗಳಿಗೆ ಸುಮ್ನಾದ. ಆಮೇಲೆ ನಗಾಡ್ದ ವೈನಿ. ಸತ್ಯವಾಗ್ಲೂ ನಗಾಡ್ದ. ಮತ್ತೆ ಮೊದಲರ್ಧ ಹೇಳ್ದ. ನಾ ಇನ್ನರ್ಧ ಹೇಳ್ದೆ. ಹಂಗೇ ನಡೀತು. ಅಂವ ಮನೇಲಿ ಹೇಳ್ದಂಗೇ ಗಡಿಬಿಡಿ. ನಿಧಾನ ಹೇಳಾ, ನಂಗೆ ಎಲ್ಲಿಗೂ ಹೋಗೂಕಿಲ್ಲ ಅಂದೆ ನಾನು."

ನನಗೆ ನಗು ಬಂತು. ಅದರ ಹಿಂದೆಯೇ ಏನೋ ಬಂತು, ಅದನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ಇವನನ್ನು ಅಪ್ಪಿಕೊಳ್ಳಲೋ ಕೆನ್ನೆಗೆ ಬಾರಿಸಲೋ ತಿಳಿಯದೆ ನಿಂತೆ.

"ಎಷ್ಟು ಹೊತ್ತು?" ಎಂದು ಕೇಳಿದೆ.

"ಗೊತ್ತಿಲ್ಲ. ತುಂಬ ಹೊತ್ತು. ಒಂದ್ಸಲ ನಾ ನನ್ನ ಅರ್ಧ ಮುಗಿಸ್ದೆ. ಅವನದು ಬರ್ಲಿಲ್ಲ. ನಿದ್ದೆ ಬಂತೇನೋ ಅಂದ್ಕಂಡು ನನ್ನದನ್ನೇ ಮತ್ತೊಂದ್ಸಲ ಹೇಳ್ದೆ. ಮತ್ತೂ ಬರ್ಲಿಲ್ಲ." ಅವನು ಬೆರಳಿನಿಂದ ನೆಲವನ್ನು ಒತ್ತುತ್ತಿದ್ದ. "ಸುತ್ತು ಹೋಗಿ ಆಚೆ ನೋಡಬೇಕಿತ್ತು ನಾನು. ನೋಡೂಕೆ ಹಗ್ಗ ಬಿಡಬೇಕು. ಬಿಡ್ಲಿಲ್ಲ ವೈನಿ. ಹೆದ್ರಿಕೆ ಆಯ್ತು. ದೋಣಿಯವ್ರು ಬಂದು ಎತ್ತೂವರೆಗೂ ನನ್ನ ಅರ್ಧನೇ ಹೇಳ್ತಾ ಕೂತಿದ್ದೆ. ಅವ್ರು ಇವನಿಗೆ ತಲೆ ಕೆಟ್ಟಿದೆ ಅಂದ್ಕಂಡ್ರು."

ಮಾಂಯ್ ಯಾವಾಗ ಎದ್ದು ಬಂದರೋ, ನಾಗಿಯ ಪಕ್ಕ ಬಾಗಿಲ ದಾರಂದ ಹಿಡಿದು ನಿಂತಿದ್ದರು. ಕೊರಳಲ್ಲಿ ಜಪಮಾಲೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟನೇ ಮಣಿಗೆ ನಿಲ್ಲಿಸ್ದ?"

"ಎಣಿಸ್ಲಿಲ್ಲ ಮಾಂಯ್. ನಂಗೆ ಅದೆಲ್ಲ ಗೊತ್ತಾಗೂದಿಲ್ಲ."

ಮಾಂಯ್ ತಲೆಯಾಡಿಸಿದರು. ಮಗ ಎಲ್ಲಿಗೆ ಬಿಟ್ಟ ಎಂದು ಗೊತ್ತಾಗಿದ್ದರೆ ಅಲ್ಲಿಂದ ಮುಂದೆ ತಾವು ಹೇಳಿ ಮುಗಿಸುತ್ತಿದ್ದರು. ಅದಕ್ಕೇ ಕೇಳಿದರು ಎಂದು ನನಗೆ ಗೊತ್ತಾಯಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಕಪ್ಪು ಸೀರೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಎದ್ದು ಹೋಗುವ ಮುಂಚೆ ಬಾಬು ಕೇಳಿದ, "ವೈನಿ, ನಾ ಹೇಳ್ದ ಅರ್ಧಕ್ಕೆ ಅರ್ಥ ಏನು? ನಿಮ್ಮ ಹಳೇ ಕೊಂಕಣಿ, ನಂಗೆ ಪೂರ್ತಿ ತಿಳಿಯೂದಿಲ್ಲ."

ಅಂಗನವಾಡಿ ಟೀಚರ್ ನಾನು, ಅರ್ಥ ಕೇಳಿದರೆ ಹೇಳಲೇಬೇಕು. "ದೇವರ ತಾಯಿ ಹತ್ರ ಬೇಡೂದು. ಈಗಲೂ, ನಾವು ಸಾಯುವ ಗಳಿಗೆಯಲ್ಲೂ ನಮಗೋಸ್ಕರ ದೇವರನ್ನ ಕೇಳಿಕೋ ಅಂತ."

"ಎರಡೂ ಉಂಟಾ ಅದ್ರಲ್ಲಿ?"

"ಎರಡೂ ಉಂಟು," ಎಂದೆ. ನಲವತ್ತು ವರ್ಷ ದಿನಕ್ಕೆ ಐವತ್ತು ಸಲ ಹೇಳಿದ್ದರೂ ನಾನು ಆ ಎರಡು ಮಾತುಗಳನ್ನು ಬಿಡಿಸಿ ನೋಡಿದವಳಲ್ಲ.

ಮಾಂಯ್ ನಾಗಿಯ ತಾಟಿನಿಂದ ಕರ್ಜಿಕಾಯಿ ತೆಗೆದು ಡಬ್ಬಿಗೆ ತುಂಬಿದರು. ತಾಟನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತರು. ಆಮೇಲೆ ಅದನ್ನು ಕೊಡಲೇ ಇಲ್ಲ. "ತಾಟು ಇಲ್ಲೇ ಇರ್ಲಿ. ನಾಳೆ ಬೆಳಿಗ್ಗೆ ಇಗರ್ಜಿಗೆ ಬಾ ಬಾಬು, ಆಮೇಲೆ ನೋಡ್ವಾ," ಎಂದರು. ಬರಿದು ಕೊಡಬೇಕೋ ತುಂಬಿ ಕೊಡಬೇಕೋ ಎಂದು ಅವರಿಗೂ ತಿಳಿಯಲಿಲ್ಲ ಎಂದು ಕಾಣುತ್ತದೆ.

ಅಂದು ಸಂಜೆ ಪೆನ್ನು ಹಿಡಿದು ಎರಡೂ ಹಾಳೆಗಳನ್ನು ಮುಂದಿಟ್ಟುಕೊಂಡು ಕೂತೆ. ದೇವರು ಜೊತೆ ಇದ್ದ ಎನ್ನುವುದಾದರೆ ಯಾರ ಜೊತೆ? ದೋಣಿಯ ಈಚೆ ಇದ್ದವನ ಜೊತೆಯೋ, ಆಚೆ ಇದ್ದವನ ಜೊತೆಯೋ? ಈಚೆಯವನನ್ನು ಎತ್ತಿಕೊಂಡ, ಸರಿ. ಆಚೆಯವನಿಗೆ ಕೊಟ್ಟಿದ್ದೇನು? ಒಂದು ಉತ್ತರದ ದನಿ. ಅಷ್ಟೇ. ಅಷ್ಟು ಸಾಕಾಯಿತೇ ಅವನಿಗೆ? ಅಷ್ಟು ಸಾಲದು ಎಂದು ನಾನು ಕೂಗಾಡಬಹುದು. ಆದರೆ ಅವನು ನಕ್ಕನಂತೆ. ಆ ನೀರಿನಲ್ಲಿ, ಆ ಮಳೆಯಲ್ಲಿ ನಕ್ಕನಂತೆ. ಯಾವ ಲೆಕ್ಕಕ್ಕೆ ಹಿಡಿಯಲಿ ಆ ನಗುವನ್ನು? ಎಷ್ಟು ಯೋಚಿಸಿದರೂ ತಲೆ ಬಿಸಿಯಾಯಿತೇ ಹೊರತು ಏನೂ ತೀರ್ಮಾನವಾಗಲಿಲ್ಲ. ಯಾವ ಹಾಳೆಯ ಮೇಲೂ ಗೀಟು ಎಳೆಯದೆ ಪೆನ್ನು ಮುಚ್ಚಿದೆ.

ಬೆಳಿಗ್ಗೆ ಎಂಟರ ಪೂಜೆಗೆ ಇಗರ್ಜಿ ತುಂಬಿತ್ತು. ಗೋದಲಿಯಲ್ಲಿ ಹುಲ್ಲಿನ ಮೇಲೆ ಬಾಲಯೇಸುವನ್ನು ಮಲಗಿಸಿದ್ದರು. ಮೈಮೇಲೆ ಒಂದು ತುಂಡು ಬಟ್ಟೆ, ಚಳಿಗೆ ಸಾಲದಷ್ಟು. ಪ್ರತಿ ವರ್ಷ ನೋಡಿದ್ದೇ. ಈ ವರ್ಷ ಮಾತ್ರ, ಬರುವವನು ಇಷ್ಟು ಕೈಲಾಗದವನಾಗಿ ಯಾಕೆ ಬಂದ ಎಂದುಕೊಂಡೆ. ದೋಣಿ ನೆಟ್ಟಗೆ ಮಾಡುವ ಕೈಗಳಲ್ಲ ಅವು. ಪಕ್ಕದಲ್ಲಿ ಇರಲು ಮಾತ್ರ ಆಗುವಂಥವು.

ಮಾಂಯ್ ಎರಡನೇ ಬೆಂಚಿನಲ್ಲಿದ್ದರು. ಕೊನೆಯ ಸಾಲಿನಲ್ಲಿ ಬಾಗಿಲ ಹತ್ತಿರ ಬಾಬು, ನಾಗಿ. ಎಲ್ಲರೂ ಎದ್ದಾಗ ಏಳುತ್ತಾ, ಕೂತಾಗ ಕೂರುತ್ತಾ, ಅಕ್ಕಪಕ್ಕ ನೋಡುತ್ತಿದ್ದರು. ಫಾದರ್ ನನ್ನತ್ತ ಕಣ್ಣು ಮಾಡಿದರು. ನಾನು ಎದ್ದು ಮೈಕಿನ ಮುಂದೆ ಹೋದೆ.

ಮೊದಲ ಹಾಳೆ ಓದಿದೆ. ಇನಾಸನ ಹೆಸರು ಬಂದಾಗ ದಾಟಿ ಮುಂದಿನ ಹೆಸರಿಗೆ ಹೋದೆ. "ಪ್ರಭುವೇ, ನಮ್ಮ ಮೊರೆ ಆಲಿಸು," ಎಂದರು ಜನ. ಎರಡನೇ ಹಾಳೆ ಓದಿದೆ. ಅಲ್ಲಿಯೂ ದಾಟಿದೆ. ಮತ್ತೆ ಆಲಿಸು ಎಂದರು. ಮಾಂಯ್ ತಲೆ ಎತ್ತಿ ನನ್ನನ್ನು ನೋಡಿದರು. ಎರಡೂ ಹಾಳೆ ಮುಗಿದಿತ್ತು. ನಾನು ಕೆಳಗಿಳಿಯಬೇಕಿತ್ತು, ಇಳಿಯಲಿಲ್ಲ.

"ಇನಾಸ," ಎಂದೆ. ಮೈಕಿನಲ್ಲಿ ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು. "ನನ್ನ ಗಂಡ. ಅವನು ಎಲ್ಲಿದ್ದಾನೆ ಅಂತ ನಮಗೆ ಗೊತ್ತಿಲ್ಲ. ನಿನಗೆ ಗೊತ್ತು. ಎಲ್ಲಿದ್ದರೂ ಅಲ್ಲಿ ಅವನ ಜೊತೆ ಇರು."

ಇಂಥ ಮೊರೆ ಪುಸ್ತಕದಲ್ಲಿಲ್ಲ. ಇದನ್ನು ಬದುಕಿದವರ ಕಡೆಗೆ ಸೇರಿಸಬೇಕೋ ಸತ್ತವರ ಕಡೆಗೋ, ಉತ್ತರ ಹೇಳಬೇಕೋ ಬಾರದೋ, ಜನಕ್ಕೆ ತಿಳಿಯಲಿಲ್ಲ. ಇಗರ್ಜಿ ಸುಮ್ಮನಾಯಿತು. ಫ್ಯಾನ್ ತಿರುಗುವುದು ಕೇಳುತ್ತಿತ್ತು. ನಾನು ಉತ್ತರಕ್ಕೆ ಕಾಯುತ್ತಾ ನಿಂತೆ. ದೋಣಿಯ ಈಚೆ ಕಾದವನಿಗೂ ಹೀಗೇ ಆಗಿರಬೇಕು.

ಆಗ ಕೊನೆಯ ಸಾಲಿನಿಂದ ಒಂದು ಒರಟು ದನಿ ಬಂತು. ಕನ್ನಡ ಪೂಜೆಯಲ್ಲಿ, ಕೊಂಕಣಿಯಲ್ಲಿ, ಹೇಳಬಾರದ ಜಾಗದಲ್ಲಿ. ಇಗರ್ಜಿಯ ಉತ್ತರಗಳಲ್ಲಿ ಬಾಬುವಿಗೆ ಬರುತ್ತಿದ್ದುದು ಅದೊಂದೇ.

"ಸಾಂತಾ ಮರಿಯೆ..."

ಜನ ತಿರುಗಿ ನೋಡಿದರು. ಯಾರೋ ಒಬ್ಬರು ನಕ್ಕರು. ಬಾಬು ನಿಲ್ಲಿಸಲಿಲ್ಲ, ಕಣ್ಣು ಮುಚ್ಚಿಕೊಂಡು ಹೇಳುತ್ತಲೇ ಇದ್ದ. ನಡುವಿನಲ್ಲಿ ಮಾಂಯ್ ಅವನ ಜೊತೆ ಸೇರಿದರು, ಕೋಲು ಬಿಟ್ಟು ಎದ್ದು ನಿಂತು. ಈಗಲೂ, ನಾವು ಸಾಯುವ ಗಳಿಗೆಯಲ್ಲೂ ಎನ್ನುವಲ್ಲಿಗೆ ಬರುವ ಹೊತ್ತಿಗೆ ಇಡೀ ಇಗರ್ಜಿ ಹೇಳುತ್ತಿತ್ತು. ಫಾದರ್ ಕೂಡ.

ಅವರ ಅರ್ಧ ಮುಗಿಯಿತು. ಆಮೆನ್ ಎಂದು ಎಲ್ಲರೂ ನಿಲ್ಲಿಸಿದರು. ಬಾಬು ಕಣ್ಣು ಬಿಟ್ಟು, ಅಷ್ಟು ದೂರದಿಂದ, ನನ್ನ ಬಾಯಿಯನ್ನೇ ನೋಡುತ್ತಿದ್ದ.

ಮೊದಲರ್ಧ ಯಾರಾದರೂ ಹೇಳಬೇಕಿತ್ತು. ನಾನು ಹೇಳಿದೆ.